ಮೊದಲು ಬಿಡಿಸಿ, ಆಮೇಲೆ ಗೆರೆ ಎಳೆಯಿರಿ

ಔಷಧಿಯ ಡಬ್ಬಿಯೊಳಗೆ ಮಡಚಿಟ್ಟಿರುವ ಚೀಟಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ಹೈದರಾಬಾದಿನಲ್ಲಿರುವ ಅನುವಾದಕಿಯೊಬ್ಬರ ಪಾಲಿಗೆ ಬಂದಿದೆ ಎಂದಿಟ್ಟುಕೊಳ್ಳಿ. ಚೀಟಿಯಲ್ಲಿ ‘ಫೋರ್ ಅವರ್ಲಿ ಡೋಸಸ್’ ಎಂದಿದೆ. ಮೊದಲ ಎರಡು ಪದಗಳ ನಡುವೆ ಒಂದು ಕಿರುಗೆರೆ, ಅಂದರೆ ಹೈಫನ್, ಇದ್ದಿದ್ದರೆ ಅರ್ಥ ಸ್ಪಷ್ಟವಿರುತ್ತಿತ್ತು: ನಾಲ್ಕು ಗಂಟೆಗೊಮ್ಮೆ ಕೊಡಬೇಕಾದ ಔಷಧಿ. ಗೆರೆ ಇಲ್ಲದಿರುವುದರಿಂದ ಇನ್ನೊಂದು ಅರ್ಥಕ್ಕೂ ದಾರಿಯಾಗಿದೆ: ಗಂಟೆಗೊಂದರಂತೆ ನಾಲ್ಕು ಸಲ. ಬೆಳಿಗ್ಗೆ ಎಂಟಕ್ಕೆ ಶುರುಮಾಡಿದರೆ ಮಧ್ಯಾಹ್ನ ಹನ್ನೆರಡರೊಳಗೆ ಮೊದಲ ಲೆಕ್ಕದಲ್ಲಿ ರೋಗಿಯ ಹೊಟ್ಟೆಗೆ ಸೇರುವುದು ಒಂದು ಮಾತ್ರೆ, ಎರಡನೆಯ ಲೆಕ್ಕದಲ್ಲಿ ನಾಲ್ಕು.

ಇಂಗ್ಲಿಷಿನಲ್ಲೇ ಬರೆಯುತ್ತಿದ್ದವರು ಈ ಮೂರು ಪದಗಳನ್ನು ಹಾಗೇ ನಕಲು ಮಾಡಿ ಕೈತೊಳೆದುಕೊಳ್ಳಬಹುದು. ಕನ್ನಡಕ್ಕೆ ತರುವವರಿಗೆ ಆ ಅನುಕೂಲವಿಲ್ಲ. ‘ಗಂಟೆಗೊಮ್ಮೆ’ ಎಂಬುದರ ಹಿಂದೆ ‘ನಾಲ್ಕು’ ಬರುತ್ತದೆಯೋ ಅಥವಾ ‘ಸಲ’ ಎಂಬುದರ ಹಿಂದೆ ಬರುತ್ತದೆಯೋ ಎಂದು ತೀರ್ಮಾನಿಸದೆ ಕನ್ನಡದಲ್ಲಿ ಒಂದು ವಾಕ್ಯವೂ ಮುಂದೆ ಹೋಗುವುದಿಲ್ಲ. ಹಾಗಾಗಿ ಆಕೆ ಮೂಲ ಬರೆದವರಿಗೆ ಫೋನ್ ಮಾಡಿ ಕೇಳಲೇಬೇಕು. ಆ ಫೋನ್ ಕರೆಯಲ್ಲಿ ಕೇಳಬೇಕಾದ ಪ್ರಶ್ನೆ ‘ಇಲ್ಲಿ ಹೈಫನ್ ಇದೆಯೇ’ ಎಂಬುದಲ್ಲ, ‘ಇದರ ಅರ್ಥವೇನು’ ಎಂಬುದು.

ಇಂಗ್ಲಿಷ್ ಜೋಡುಪದಗಳ ವಿಷಯದಲ್ಲಿ ಹೆಚ್ಚಿನವರು ಎಡವುವುದು ಈ ಎರಡು ಪ್ರಶ್ನೆಗಳ ಕ್ರಮದಲ್ಲಿ. ಮುಂಬೈ, ಪುಣೆ, ಚೆನ್ನೈ, ದೆಹಲಿಯ ಕಚೇರಿಗಳಲ್ಲಿ ದಿನವಿಡೀ ಇಂಗ್ಲಿಷ್ ಬರೆಯುವ ಕನ್ನಡಿಗರಿಗೂ ಇದು ಗೊತ್ತಿರುವ ಪಾಡು. ವರದಿಯ ಕರಡು ತಿದ್ದುವಾಗ ಪಕ್ಕದವರನ್ನು ‘ಇದಕ್ಕೆ ಹೈಫನ್ ಹಾಕಬೇಕಾ’ ಎಂದು ಕೇಳುತ್ತಾರೆ. ಪಕ್ಕದವರು ನಿಘಂಟು ನೋಡಿ ಎನ್ನುತ್ತಾರೆ, ಇಲ್ಲವೇ ಕಂಪ್ಯೂಟರು ಕೆಂಪು ಗೆರೆ ಎಳೆದಿದೆಯೋ ಎಂದು ನೋಡುತ್ತಾರೆ. ಪದವನ್ನು ಬಿಡಿಸಿ ಅರ್ಥ ಹೇಳುವ ಕೆಲಸ ಕೊನೆಗೆ ಉಳಿಯುತ್ತದೆ, ಅಥವಾ ಉಳಿಯುವುದೇ ಇಲ್ಲ. ಆಗಬೇಕಾದದ್ದು ಇದರ ತಿರುವುಮುರುವು. ಮೊದಲು ಅರ್ಥ ನಿರ್ಧಾರವಾಗಬೇಕು. ಗೆರೆ ಬೇಕೋ ಬೇಡವೋ ಎಂಬುದು ಬಹುತೇಕ ಅದರಿಂದಲೇ ತಿಳಿಯುತ್ತದೆ.

ನಿಘಂಟು ನೋಡಬಾರದೆಂದಲ್ಲ. ಆದರೆ ಈ ವಿಷಯದಲ್ಲಿ ನಿಘಂಟು ಹೇಳುವುದು ಏನನ್ನು ಎಂದು ತಿಳಿದಿರಬೇಕು. 2007ರಲ್ಲಿ ‘ಶಾರ್ಟರ್ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ’ಯ 6ನೇ ಆವೃತ್ತಿ ಬಂದಾಗ ಸುಮಾರು 16,000 ಪದಗಳ ಹೈಫನ್ ಮಾಯವಾಗಿತ್ತು. ‘ಐಸ್-ಕ್ರೀಮ್’, ‘ಫಿಗ್-ಲೀಫ್’, ‘ಪಾಟ್-ಬೆಲ್ಲಿ’ ಇವೆಲ್ಲ ಬಿಡಿಬಿಡಿಯಾಗಿ ಎರಡೆರಡು ಪದಗಳಾದವು. ‘ಬಂಬಲ್-ಬೀ’, ‘ಕ್ರೈ-ಬೇಬಿ’, ‘ಪಿಜನ್-ಹೋಲ್’ ಕೂಡಿಕೊಂಡು ಒಂದೊಂದೇ ಪದವಾದವು. ಕಡಲೆಕಾಳಿಗಿರುವ ‘ಚಿಕ್-ಪೀ’ ಕೂಡಿಕೊಂಡಿತು, ಐಸ್ ಕ್ರೀಮು ಬೇರೆಯಾಯಿತು. ಇದರ ಹಿಂದೆ ಒಂದು ಸೂತ್ರವನ್ನು ಹುಡುಕಿದರೆ ಸಿಗುವುದಿಲ್ಲ. ನಿಘಂಟುಕಾರರು ಅಚ್ಚಾದ ಮತ್ತು ತೆರೆಯ ಮೇಲಿನ ಅಪಾರ ಬರಹವನ್ನು ಜಾಲಾಡಿ, ಹೆಚ್ಚು ಜನ ಹೇಗೆ ಬರೆಯುತ್ತಿದ್ದಾರೋ ಹಾಗೆ ದಾಖಲಿಸಿದರು. ಅದು ಅವರ ಕೆಲಸ, ಅದನ್ನು ಅವರು ಸರಿಯಾಗಿಯೇ ಮಾಡಿದರು. ಆದರೆ ಜನ ಏನು ಮಾಡಿದ್ದಾರೆ ಎಂಬ ದಾಖಲೆಯಿಂದ, ಈ ವಾಕ್ಯದಲ್ಲಿ, ಈ ಓದುಗನಿಗೆ, ಈ ಗೆರೆ ಬೇಕೇ ಎಂಬ ಪ್ರಶ್ನೆಗೆ ಉತ್ತರ ಸಿಗದು.

ಕಂಪ್ಯೂಟರಿನ ಕಾಗುಣಿತ ಪರೀಕ್ಷೆಯಿಂದಂತೂ ಇನ್ನೂ ಕಡಿಮೆ ಉಪಯೋಗ. ‘ರಿಸೈನ್’ ಎಂದರೆ ರಾಜೀನಾಮೆ ಕೊಡುವುದು. ನಡುವೆ ಗೆರೆ ಎಳೆದು ‘ರಿ-ಸೈನ್’ ಎಂದರೆ ಮತ್ತೆ ಸಹಿ ಹಾಕುವುದು, ಅಂದರೆ ಒಪ್ಪಂದವನ್ನು ಮುಂದುವರಿಸುವುದು. ಒಂದು ಗೆರೆಯಲ್ಲಿ ನೌಕರಿ ಹೋಗುತ್ತದೆ ಅಥವಾ ಉಳಿಯುತ್ತದೆ. ಎರಡೂ ಸರಿಯಾದ ಪದಗಳೇ ಆದ್ದರಿಂದ ಯಂತ್ರ ಎರಡನ್ನೂ ಸುಮ್ಮನೆ ಬಿಡುತ್ತದೆ.

ಬಿಡಿಸುವುದು ಎಂದರೇನು ಎಂಬುದು ಕನ್ನಡ ಶಾಲೆಯಲ್ಲಿ ಓದಿದವರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ. ಹೈಸ್ಕೂಲಿನ ವ್ಯಾಕರಣದ ಪಿರಿಯಡ್ಡಿನಲ್ಲಿ ಮೇಷ್ಟ್ರು ‘ವಿಗ್ರಹವಾಕ್ಯ ಬರೆಯಿರಿ’ ಎನ್ನುತ್ತಿದ್ದದ್ದು ಅದನ್ನೇ. ‘ಮಳೆಗಾಲ’ ಎಂದರೆ ಮಳೆಯ ಕಾಲ. ‘ಮುಕ್ಕಣ್ಣ’ ಎಂದರೆ ಮೂರು ಕಣ್ಣುಳ್ಳವನು ಯಾರೋ ಅವನು. ಎರಡು ಪದ ಕೂಡಿದಾಗ ನಡುವಿನ ಸಂಬಂಧ ಮರೆಯಾಗುತ್ತದೆ, ಅದನ್ನು ಮತ್ತೆ ಹೊರಗೆ ತೆಗೆದು ತೋರಿಸುವುದೇ ವಿಗ್ರಹ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಸಮಾಸಕ್ಕೆಂದೇ ಒಂದು ಪ್ರಕರಣ ಮೀಸಲಿಟ್ಟ. ಇಂಗ್ಲಿಷ್ ವ್ಯಾಕರಣ ಬರೆಯುವ ಭಾಷಾಶಾಸ್ತ್ರಜ್ಞರು ಕೂಡ ತಮ್ಮ ಜೋಡುಪದಗಳನ್ನು ವಿಂಗಡಿಸಲು ‘ಬಹುವ್ರೀಹಿ’, ‘ದ್ವಂದ್ವ’, ‘ತತ್ಪುರುಷ’ ಎಂಬ ಸಂಸ್ಕೃತದ ಹೆಸರುಗಳನ್ನೇ ಎರವಲು ಪಡೆದಿದ್ದಾರೆ.

ಈ ವಿಗ್ರಹವನ್ನು ಇಂಗ್ಲಿಷ್ ಪದಗಳಿಗೆ ಮಾಡಿ ನೋಡಿದರೆ ಅಲ್ಲಿನ ತೊಡಕು ಗೊತ್ತಾಗುತ್ತದೆ. ‘ಮಿಲ್ಕ್‌ಮ್ಯಾನ್’ ಹಾಲು ತರುವವನು. ‘ಸ್ನೋಮ್ಯಾನ್’ ಹಿಮ ತರುವವನಲ್ಲ, ಹಿಮದಿಂದ ಮಾಡಿದವನು. ‘ಫೈರ್‌ಮ್ಯಾನ್’ ಬೆಂಕಿ ಆರಿಸುವವನು. ಆದರೆ ರೈಲ್ವೆಯಲ್ಲಿ ಕೆಲಸ ಮಾಡಿದ ಹಿರಿಯರಿರುವ ಮನೆಗಳಲ್ಲಿ ಈ ಪದಕ್ಕೆ ಬೇರೆಯೇ ಅರ್ಥವಿತ್ತು. ಹಬೆ ಎಂಜಿನ್ನಿನ ಕಾಲದಲ್ಲಿ ಫೈರ್‌ಮ್ಯಾನ್ ಎಂದರೆ ಒಲೆಗೆ ಕಲ್ಲಿದ್ದಲು ತುಂಬಿ ಬೆಂಕಿ ಉರಿಸುವವನು. ಅದೇ ಎರಡು ತುಂಡು, ಅದೇ ಬರವಣಿಗೆ, ಒಂದು ಕಡೆ ಆರಿಸುವವನು, ಇನ್ನೊಂದು ಕಡೆ ಹೊತ್ತಿಸುವವನು. ಇಲ್ಲಿ ಹೈಫನ್ ಹಾಕಿದರೂ ತೆಗೆದರೂ ಏನೂ ಬದಲಾಗುವುದಿಲ್ಲ. ಅರ್ಥವನ್ನು ಬರೆದೇ ಹೇಳಬೇಕು.

ಮಾತಿನಲ್ಲಿ ಇಂಗ್ಲಿಷಿಗೆ ಇಷ್ಟು ಕಷ್ಟವಿಲ್ಲ. ‘ಬ್ಲ್ಯಾಕ್‌ಬರ್ಡ್’ ಎಂಬ ಹಕ್ಕಿಯ ಹೆಸರನ್ನು ಹೇಳುವಾಗ ಒತ್ತು ಮೊದಲ ಭಾಗದ ಮೇಲೆ ಬೀಳುತ್ತದೆ. ಯಾವುದೋ ಒಂದು ಕಪ್ಪು ಹಕ್ಕಿ ಎನ್ನುವಾಗ ಒತ್ತು ಹಕ್ಕಿಯ ಮೇಲೂ ಬೀಳುತ್ತದೆ. ಕಿವಿಗೆ ವ್ಯತ್ಯಾಸ ತಿಳಿಯುತ್ತದೆ. ಈ ಹಕ್ಕಿಯ ಹೆಣ್ಣು ಕಂದು ಬಣ್ಣದ್ದು, ಆದರೂ ಅದು ಬ್ಲ್ಯಾಕ್‌ಬರ್ಡೇ. ಹಸಿರು ಬಣ್ಣ ಬಳಿದ ಬ್ಲ್ಯಾಕ್‌ಬೋರ್ಡಿನ ಮುಂದೆ ಕೂತು ಕಲಿತವರಿಗೆ ಇದು ವಿಚಿತ್ರವೆನಿಸದು. ಕನ್ನಡದಲ್ಲಿ ಇಂಥ ವ್ಯತ್ಯಾಸವನ್ನು ಸಂಧಿ ತೋರಿಸುತ್ತದೆ, ಅದೂ ಬರವಣಿಗೆಯಲ್ಲೇ. ಅಜ್ಜಿಯ ಕಾಲದ ಕಾಗದಗಳಲ್ಲಿರುವುದು ಹಳೆಯ ಕನ್ನಡ. ಪಂಪ ಬರೆದದ್ದು ಹಳಗನ್ನಡ. ‘ಕ’ ಹೋಗಿ ‘ಗ’ ಬಂದ ಕೂಡಲೇ ಇದು ಕೂಡಿಕೊಂಡ ಪದ, ಇದಕ್ಕೆ ತನ್ನದೇ ಅರ್ಥವಿದೆ ಎಂದು ಓದುಗನಿಗೆ ಸೂಚನೆ ಸಿಗುತ್ತದೆ. ಇಂಗ್ಲಿಷ್ ಬರವಣಿಗೆಯಲ್ಲಿ ಒತ್ತೂ ಕಾಣುವುದಿಲ್ಲ, ಸಂಧಿಯೂ ಇಲ್ಲ. ಆ ಖಾಲಿ ಜಾಗದಲ್ಲಿ ಕೆಲಸ ಮಾಡುವುದಕ್ಕೆ ಅದರ ಬಳಿ ಇರುವುದು ಮೂರೇ ಉಪಾಯ: ಬಿಡಿಸಿ ಬರೆಯುವುದು, ಕೂಡಿಸಿ ಬರೆಯುವುದು, ನಡುವೆ ಗೆರೆ ಎಳೆಯುವುದು.

ಹಾಗಾದರೆ ಗೆರೆ ಎಲ್ಲಿ ಬೇಕು? ವಿಗ್ರಹವಾಕ್ಯವನ್ನು ಮನಸ್ಸಿನಲ್ಲಿ ಕನ್ನಡದಲ್ಲೇ ಮಾಡಿಕೊಂಡರೆ ಉತ್ತರ ಸುಲಭ. ರಸ್ತೆ ಅಗಲ ಮಾಡಲು ಅನುಮತಿ ಕೋರುವ ಅರ್ಜಿಯೊಂದರಲ್ಲಿ ‘ತ್ರೀ ಹಂಡ್ರೆಡ್ ಇಯರ್ ಓಲ್ಡ್ ಟ್ರೀಸ್’ ಎಂದು ಗೆರೆಯಿಲ್ಲದೆ ಬರೆದಿದ್ದಾರೆ ಎನ್ನೋಣ. ಕನ್ನಡದಲ್ಲಿ ಬಿಡಿಸಿದರೆ ಇದು ಮೂರು ಬಗೆಯಾಗುತ್ತದೆ: ಮುನ್ನೂರು ವರ್ಷದ ಮರಗಳು; ನೂರು ವರ್ಷದ ಮೂರು ಮರಗಳು; ಒಂದು ವರ್ಷದ ಮುನ್ನೂರು ಗಿಡಗಳು. ಮೊದಲನೆಯದಕ್ಕೆ ‘ತ್ರೀ’ಯಿಂದ ‘ಓಲ್ಡ್’ವರೆಗೂ ಗೆರೆಗಳಿರಬೇಕು. ಎರಡನೆಯದಕ್ಕೆ ‘ಹಂಡ್ರೆಡ್’ನಿಂದ ಶುರುವಾಗಬೇಕು. ಮೂರನೆಯದಕ್ಕೆ ‘ಇಯರ್’ ಮತ್ತು ‘ಓಲ್ಡ್’ ನಡುವೆ ಒಂದೇ ಗೆರೆ ಸಾಕು. ಅರ್ಜಿ ಬರೆದವರಿಗೆ ಯಾವ ಮರಗಳು ಎಂದು ಗೊತ್ತಿದ್ದರೆ ಗೆರೆ ಎಲ್ಲಿ ಎಂಬ ಅನುಮಾನವೇ ಬರುವುದಿಲ್ಲ. ಗೊತ್ತಿಲ್ಲದಿದ್ದರೆ ಯಾವ ಕೈಪಿಡಿಯೂ ಅವರನ್ನು ಕಾಪಾಡದು.

‘ಸ್ಮಾಲ್ ಬಿಸಿನೆಸ್ ಲೋನ್’ ಕೂಡ ಹೀಗೆಯೇ. ಸಣ್ಣ ಉದ್ದಿಮೆಗೆ ಕೊಡುವ ಸಾಲ ಎಂದಾದರೆ ಮೊದಲೆರಡು ಪದಗಳ ನಡುವೆ ಗೆರೆ ಇದ್ದರೆ ಒಳ್ಳೆಯದು, ಏಕೆಂದರೆ ಉದ್ದಿಮೆಗೆ ಕೊಡುವ ಸಣ್ಣ ಸಾಲ ಎಂದೂ ಅದನ್ನು ಓದಬಹುದು. ‘ಹೈಸ್ಕೂಲ್ ಟೀಚರ್’ ಎನ್ನುವಾಗ ಗೆರೆ ಬೇಡ, ಯಾಕೆಂದರೆ ಯಾರೂ ಅದನ್ನು ಎತ್ತರದ ಶಾಲಾ ಶಿಕ್ಷಕ ಎಂದು ಓದಲಾರರು. ನಾಮಪದದ ಹಿಂದೆ ಬಂದಾಗ ಗೆರೆ ಬೇಕಾಗುವ ‘ವೆಲ್-ನೋನ್’ಗೆ ವಾಕ್ಯದ ಕೊನೆಯಲ್ಲಿ ಬಂದಾಗ ಅದು ಬೇಡ, ಯಾಕೆಂದರೆ ಅಲ್ಲಿ ಮುಂದಿನ ಪದಕ್ಕೆ ಅಂಟಿಕೊಳ್ಳುವ ಅಪಾಯವೇ ಇಲ್ಲ. ನಿಯಮಗಳು ಅನೇಕ ಇದ್ದಂತೆ ಕಂಡರೂ ಅವೆಲ್ಲ ಒಂದೇ ಕಾಳಜಿಯಿಂದ ಹುಟ್ಟಿದವು: ಓದುಗ ಅರ್ಧ ದಾರಿ ಹೋಗಿ ಹಿಂತಿರುಗಿ ಬರುವಂತಾಗಬಾರದು.

ಇದಕ್ಕೊಂದು ಆಕ್ಷೇಪಣೆ ಇದೆ, ಅದು ತಳ್ಳಿಹಾಕುವಂಥದ್ದಲ್ಲ. ಹೈಫನ್ ಹೇಗಿದ್ದರೂ ಸಾಯುತ್ತಿರುವ ಚಿಹ್ನೆ, ಅದಕ್ಕಾಗಿ ಇಷ್ಟೊಂದು ಯೋಚನೆ ಯಾಕೆ ಎಂಬುದು ಆ ಮಾತು. ‘ಇ-ಮೇಲ್’ ಇದಕ್ಕೆ ಒಳ್ಳೆಯ ಸಾಕ್ಷಿ. ಎಲೆಕ್ಟ್ರಾನಿಕ್ ಅಂಚೆ ಹೊಸದಾಗಿದ್ದಾಗ ಆ ‘ಇ’ ಏನೆಂದು ತೋರಿಸಲು ಗೆರೆ ಬೇಕಿತ್ತು. 2011ರಲ್ಲಿ ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತನ್ನ ಶೈಲಿ ಕೈಪಿಡಿಯಲ್ಲಿ ಆ ಗೆರೆಯನ್ನು ತೆಗೆಯಿತು, ಯಾರಿಗೂ ತೊಂದರೆಯಾಗಲಿಲ್ಲ. ಕನ್ನಡದಲ್ಲಿ ‘ಮಿಂಚಂಚೆ’ ಎಂದು ಕಟ್ಟಿದವರು ಮೊದಲ ದಿನದಿಂದಲೇ ಸಂಧಿ ಮಾಡಿ ಒಂದೇ ಪದವಾಗಿಸಿದರು. ಹೊಸ ಜೋಡುಪದ ಬಿಡಿಯಾಗಿ ಹುಟ್ಟಿ, ಗೆರೆಯ ಆಸರೆಯಲ್ಲಿ ನಡೆದು, ಕೊನೆಗೆ ಒಂದಾಗುವುದು ಇಂಗ್ಲಿಷಿನಲ್ಲಿ ಸಾಮಾನ್ಯ. ಪರಿಚಯವಾದ ಮೇಲೆ ಆಸರೆ ಬೇಡ.

ಆದರೆ ಅದೇ ಸುದ್ದಿಸಂಸ್ಥೆ 2019ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಫಸ್ಟ್-ಕ್ವಾರ್ಟರ್ ಟಚ್‌ಡೌನ್’ ಎಂಬಂಥ ಪದಗುಚ್ಛಗಳಲ್ಲಿ ಗೆರೆ ಬೇಡ ಎಂದಿತು. ಆಟದ ಮೊದಲ ಕಾಲುಭಾಗದಲ್ಲಿ ಗಳಿಸಿದ ಅಂಕ ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ ಎಂಬುದು ಅದರ ವಾದ. ಸಂಪಾದಕರೂ ಓದುಗರೂ ಗಲಾಟೆ ಮಾಡಿದರು. ಅದೇ ವರ್ಷ ಸಂಸ್ಥೆ ನಿಯಮವನ್ನು ವಾಪಸ್ ಪಡೆಯಿತು. ಗೆರೆ ಬಿದ್ದುಹೋಗುವುದು ಓದುಗರಿಗೆ ಅದು ಬೇಡವಾದಾಗ, ಸಂಪಾದಕರಿಗೆ ಬೇಸರವಾದಾಗ ಅಲ್ಲ ಎಂಬುದಕ್ಕೆ ಈ ಎರಡು ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸಾಕು.

ಗೆರೆ ಇಲ್ಲದೆ ಪೂರ್ತಿ ಕೂಡಿಕೊಂಡ ಪದಗಳಲ್ಲೂ ಅರ್ಥ ಹೇಳುವ ಹೊಣೆ ತಪ್ಪುವುದಿಲ್ಲ. ‘ಸ್ಟೇಕ್‌ಹೋಲ್ಡರ್’ ಪದವನ್ನು ನೋಡಿ. ‘ಸ್ಟೇಕ್’ ಎಂದರೆ ಪಣ, ‘ಹೋಲ್ಡರ್’ ಎಂದರೆ ಹಿಡಿದಿರುವವನು. ಹದಿನೆಂಟನೆಯ ಶತಮಾನದಲ್ಲಿ ಇದರ ಅರ್ಥ, ಇಬ್ಬರು ಬಾಜಿ ಕಟ್ಟಿದಾಗ ಇಬ್ಬರ ಹಣವನ್ನೂ ತನ್ನಲ್ಲಿ ಇಟ್ಟುಕೊಳ್ಳುವ ಮೂರನೆಯವನು. ಗೆಲುವು ಸೋಲಿನಲ್ಲಿ ಅವನಿಗೆ ಯಾವ ಆಸಕ್ತಿಯೂ ಇರಬಾರದು, ಅದೇ ಅವನ ಅರ್ಹತೆ. ಇವತ್ತು ಕಂಪನಿ ವರದಿಗಳಲ್ಲಿ ಇದರ ಅರ್ಥ, ಆಗುಹೋಗುಗಳಿಂದ ಲಾಭನಷ್ಟ ತಟ್ಟುವವನು. ಅರ್ಥ ಹೆಚ್ಚುಕಡಿಮೆ ತಲೆಕೆಳಗಾಗಿದೆ. ಇಂಗ್ಲೆಂಡಿನ ಆಸ್ತಿ ವ್ಯವಹಾರದ ಕಾನೂನಿನಲ್ಲಿ ಮಾತ್ರ ಹಳೆಯ ಅರ್ಥ ಇನ್ನೂ ಬದುಕಿದೆ. ಕನ್ನಡದ ಸರ್ಕಾರಿ ಅನುವಾದಗಳಲ್ಲಿ ಇದಕ್ಕೆ ‘ಪಾಲುದಾರ’ ಎಂದು ಹಾಕಿಬಿಡುವುದುಂಟು. ಆದರೆ ಪಾಲುದಾರ ಎಂದರೆ ಕನ್ನಡಿಗರಿಗೆ ವ್ಯಾಪಾರದಲ್ಲಿ ಬಂಡವಾಳ ಹಾಕಿ ಲಾಭ ಹಂಚಿಕೊಳ್ಳುವವನು. ಅಣೆಕಟ್ಟಿನಿಂದ ಮನೆ ಮುಳುಗುವ ರೈತನನ್ನು ಆ ಯೋಜನೆಯ ಪಾಲುದಾರ ಎಂದು ಕರೆದರೆ ಅದು ಅನುವಾದದ ತಪ್ಪು ಮಾತ್ರವಲ್ಲ, ಗಾಯದ ಮೇಲೆ ಉಪ್ಪು. ‘ಯೋಜನೆಯಿಂದ ಒಳಿತು ಕೆಡುಕು ತಟ್ಟುವವರು’ ಎಂದು ನಾಲ್ಕು ಪದ ಹೆಚ್ಚು ಬರೆದರೆ ಕಾಗದಕ್ಕೆ ಭಾರವಾಗದು.

ಜೋಡುಪದ ಮನುಷ್ಯರ ಹೆಸರಾದಾಗ ಅರ್ಥದ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ‘ಹೈಫನ್ ಹಾಕಿಕೊಂಡ ಅಮೆರಿಕನ್ನರು’ ಎಂಬುದು ಬೈಗುಳವಾಗಿತ್ತು. ಜರ್ಮನ್-ಅಮೆರಿಕನ್, ಐರಿಶ್-ಅಮೆರಿಕನ್ ಎಂದು ಕರೆದುಕೊಳ್ಳುವವರ ನಿಷ್ಠೆ ಎರಡು ಕಡೆ ಹಂಚಿಹೋಗಿದೆ ಎಂಬ ಆಪಾದನೆ ಅದರಲ್ಲಿತ್ತು. ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್ವೆಲ್ಟ್ 1915ರಲ್ಲಿ ನ್ಯೂಯಾರ್ಕಿನಲ್ಲಿ ಇದರ ವಿರುದ್ಧವೇ ಭಾಷಣ ಮಾಡಿದರು. ನೂರಕ್ಕೂ ಹೆಚ್ಚು ವರ್ಷಗಳ ಬಳಿಕ, 2019ರಲ್ಲಿ, ಅಸೋಸಿಯೇಟೆಡ್ ಪ್ರೆಸ್ ‘ಆಫ್ರಿಕನ್ ಅಮೆರಿಕನ್’, ‘ಏಷ್ಯನ್ ಅಮೆರಿಕನ್’ ಪದಗಳಿಂದ ಗೆರೆಯನ್ನು ಕೈಬಿಟ್ಟಿತು. ಗೆರೆ ಇದ್ದರೆ ಅರ್ಧ ಅದು, ಅರ್ಧ ಇದು ಎನ್ನುವಂತಾಗುತ್ತದೆ. ಗೆರೆ ಇಲ್ಲದಿದ್ದರೆ ಮೊದಲ ಪದ ವಿಶೇಷಣ, ಆತ ಪೂರ್ತಿ ಅಮೆರಿಕನ್.

ಯಹೂದಿ ದ್ವೇಷವನ್ನು ಹೇಳುವ ‘ಆ್ಯಂಟಿಸೆಮಿಟಿಸಂ’ ಪದದ್ದೂ ಇದೇ ಕಥೆ. 1879ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮಾರ್ ಈ ಪದಕ್ಕೆ ಪ್ರಚಾರ ಕೊಟ್ಟಾಗ ಅದರ ಗುರಿ ಯಹೂದಿಗಳು ಮಾತ್ರ. ಜರ್ಮನ್ ಭಾಷೆಯಲ್ಲಿ ಅದು ಒಂದೇ ಪದ. ಇಂಗ್ಲಿಷಿನಲ್ಲಿ ‘ಆ್ಯಂಟಿ’ಯ ಮುಂದೆ ಗೆರೆ ಎಳೆದು, ‘ಸೆಮಿಟಿಸಂ’ ಅನ್ನು ದೊಡ್ಡಕ್ಷರದಿಂದ ಬರೆದದ್ದರಿಂದ ‘ಸೆಮಿಟಿಸಂ’ ಎಂಬ ಬೇರೆಯೇ ಒಂದು ವಸ್ತು ಇದೆ, ಇದು ಅದರ ವಿರೋಧ ಎಂಬ ಭ್ರಮೆ ಹುಟ್ಟಿತು. ಅರಬ್ಬೀ ಕೂಡ ಸೆಮಿಟಿಕ್ ಭಾಷೆಯೇ, ಹಾಗಾಗಿ ಅರಬರಲ್ಲಿ ಈ ದ್ವೇಷ ಇರಲು ಸಾಧ್ಯವೇ ಇಲ್ಲ ಎಂಬ ಕುತರ್ಕಕ್ಕೂ ಅದು ನೆಲೆಯಾಯಿತು. 2021ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಗೆರೆಯನ್ನೂ ದೊಡ್ಡಕ್ಷರವನ್ನೂ ತೆಗೆದುಹಾಕಿತು. ಇಲ್ಲಿ ಪದವನ್ನು ತುಂಡು ಮಾಡಿ ಅರ್ಥ ಹೇಳುವುದೇ ತಪ್ಪು. ಇಡೀ ಪದಕ್ಕೆ ಇತಿಹಾಸ ಕೊಟ್ಟ ಅರ್ಥವನ್ನು ಹೇಳಬೇಕು.

ಭಾರತದಲ್ಲಿ ಇಂಥ ಪದವೊಂದು ಸಂವಿಧಾನದೊಳಗೇ ಇದೆ: ಆಂಗ್ಲೋ-ಇಂಡಿಯನ್. 1886ರಲ್ಲಿ ಯೂಲ್ ಮತ್ತು ಬರ್ನೆಲ್ ‘ಹಾಬ್ಸನ್-ಜಾಬ್ಸನ್’ ಎಂಬ ಪದಕೋಶ ತಂದಾಗ ಅದರ ಉಪಶೀರ್ಷಿಕೆಯಲ್ಲಿದ್ದ ಆಂಗ್ಲೋ-ಇಂಡಿಯನ್ ಎಂದರೆ ಭಾರತದಲ್ಲಿ ನೆಲೆಸಿದ್ದ ಇಂಗ್ಲಿಷರಿಗೆ ಸಂಬಂಧಿಸಿದ್ದು. ಮಿಶ್ರ ಸಂತಾನದವರಿಗೆ ಆಗ ‘ಯುರೇಷಿಯನ್’ ಎಂಬ ಹೆಸರಿತ್ತು. ಅದಕ್ಕೆ ನಾಲ್ಕು ವರ್ಷ ಮೊದಲು, 1882ರಲ್ಲಿ, ಮೈಸೂರಿನ ಚಾಮರಾಜೇಂದ್ರ ಒಡೆಯರು ಬೆಂಗಳೂರಿನ ಬಳಿ ನೆಲೆಯೂರಲು 3,900 ಎಕರೆ ಜಮೀನು ಕೊಟ್ಟದ್ದು ‘ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್’ ಎಂದು ಎರಡೂ ಹೆಸರನ್ನು ಹೊತ್ತಿದ್ದ ಸಂಘಕ್ಕೆ. ಇವತ್ತಿನ ವೈಟ್‌ಫೀಲ್ಡ್ ಹುಟ್ಟಿದ್ದು ಹಾಗೆ. 1911ರಲ್ಲಿ ಬ್ರಿಟಿಷ್ ಸರ್ಕಾರ ಮಿಶ್ರ ಸಂತಾನದವರಿಗೇ ಆಂಗ್ಲೋ-ಇಂಡಿಯನ್ ಎಂಬ ಹೆಸರನ್ನು ಅಧಿಕೃತಗೊಳಿಸಿತು. ಗೆರೆ ಕದಲಲಿಲ್ಲ, ಅರ್ಥ ಮಾತ್ರ ಒಂದು ಸಮುದಾಯದಿಂದ ಇನ್ನೊಂದಕ್ಕೆ ಹೋಯಿತು.

ಸಂವಿಧಾನದ 366(2)ನೇ ವಿಧಿಯ ವ್ಯಾಖ್ಯೆಯನ್ನು ಓದಿದರೆ ತುಂಡುಗಳಿಂದ ಅರ್ಥ ಸಿಗದು ಎಂಬುದು ಇನ್ನೂ ಸ್ಪಷ್ಟ. ತಂದೆ ಅಥವಾ ತಂದೆಯ ಕಡೆಯ ಪುರುಷ ಪೂರ್ವಜರಲ್ಲಿ ಯಾರಾದರೂ ಯುರೋಪಿಯನ್ ಮೂಲದವರಾಗಿದ್ದು, ಭಾರತದಲ್ಲೇ ನೆಲೆಸಿ, ಇಲ್ಲಿ ಕಾಯಂ ವಾಸವಾಗಿದ್ದ ತಂದೆತಾಯಿಗೆ ಇಲ್ಲೇ ಹುಟ್ಟಿದವರು ಆಂಗ್ಲೋ-ಇಂಡಿಯನ್. ಪೂರ್ವಜ ಪೋರ್ಚುಗೀಸ್ ಅಥವಾ ಡಚ್ಚನಾದರೂ ಆದೀತು, ‘ಆಂಗ್ಲೋ’ ಆಗಿರಬೇಕಿಲ್ಲ. ಆದರೆ ತಾಯಿ ಇಂಗ್ಲಿಷಳಾಗಿ, ತಂದೆಯ ವಂಶವೆಲ್ಲ ಭಾರತೀಯವಾದರೆ ಆಗದು. ಈ ಒಂದು ಜೋಡುಪದದ ವ್ಯಾಖ್ಯೆಯ ಮೇಲೆ ಲೋಕಸಭೆಯ ಎರಡು ನಾಮಕರಣ ಸ್ಥಾನಗಳೂ ರಾಜ್ಯ ವಿಧಾನಸಭೆಗಳ ಸ್ಥಾನಗಳೂ ನಿಂತಿದ್ದವು. 104ನೇ ತಿದ್ದುಪಡಿಯ ಬಳಿಕ, 2020ರ ಜನವರಿಯಲ್ಲಿ, ಆ ಸ್ಥಾನಗಳು ಕೊನೆಗೊಂಡವು. ವ್ಯಾಖ್ಯೆ ಇನ್ನೂ ಉಳಿದಿದೆ. ಯಾರು ಒಳಗೆ, ಯಾರು ಹೊರಗೆ ಎಂದು ಅದು ಹೇಳುತ್ತಲೇ ಇದೆ. ಇಂಥ ಹೆಸರುಗಳ ವಿಷಯದಲ್ಲಿ ವ್ಯಾಕರಣಕಾರರ ಮಾತಿಗಿಂತ ಆ ಹೆಸರನ್ನು ಹೊತ್ತವರ ಮಾತಿಗೆ ಹೆಚ್ಚು ತೂಕವಿರಬೇಕು.

ಇಷ್ಟೆಲ್ಲ ಇಂಗ್ಲಿಷಿನ ತಕರಾರು, ಕನ್ನಡಕ್ಕೆ ಏನು ಎನ್ನುವವರು ಯಾವುದಾದರೂ ಸರ್ಕಾರಿ ಕಟ್ಟಡದ ಬೋರ್ಡನ್ನು ಓದಬೇಕು. ‘ಗ್ರಾಮೀಣ ಮಹಿಳಾ ಉದ್ಯೋಗ ಕೌಶಲ ಅಭಿವೃದ್ಧಿ ತರಬೇತಿ ಕೇಂದ್ರ’ ಎಂಬಂಥ ಹೆಸರುಗಳು ಈಗ ಎಲ್ಲೆಲ್ಲೂ ಇವೆ. ಇಲ್ಲಿ ಗ್ರಾಮೀಣ ಎಂಬುದು ಮಹಿಳೆಗೋ, ಉದ್ಯೋಗಕ್ಕೋ, ಕೇಂದ್ರಕ್ಕೋ? ಇಂಗ್ಲಿಷಿನ ನಾಮಪದಗಳ ಸಾಲನ್ನು ಒಂದೊಂದೇ ಇಟ್ಟಿಗೆಯಂತೆ ಎತ್ತಿ ಕನ್ನಡದಲ್ಲಿ ಇಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಇಂಥ ಸಾಲಿಗೆ ಕೊನೆಗೆ ಹೈಫನ್ ಎಂಬ ಒಂದು ಉಪಾಯವಾದರೂ ಇದೆ. ಕನ್ನಡದಲ್ಲಿ ಅದರ ರೂಢಿಯಿಲ್ಲ, ಯಾಕೆಂದರೆ ಅದರ ಅಗತ್ಯವೇ ಇರಲಿಲ್ಲ. ಅಲ್ಲಿ ಗೆರೆ ಮಾಡುವ ಕೆಲಸವನ್ನು ಇಲ್ಲಿ ‘ಗೆ’, ‘ಅಲ್ಲಿ’, ‘ಅ’, ‘ಇಂದ’ ಎಂಬ ಪ್ರತ್ಯಯಗಳು ಮಾಡುತ್ತವೆ. ‘ಹಳ್ಳಿಯ ಹೆಂಗಸರಿಗೆ ಕೆಲಸ ಕಲಿಸುವ ಕೇಂದ್ರ’ ಎಂದರೆ ಮಗುವಿಗೂ ಅನುಮಾನ ಬರದು. ಪ್ರತ್ಯಯಗಳನ್ನು ಕಿತ್ತುಹಾಕಿ ಬರೆದರೆ ಇಂಗ್ಲಿಷಿನ ತೊಡಕು ಕನ್ನಡಕ್ಕೆ ಬರುತ್ತದೆ, ಅದರ ಮದ್ದು ಮಾತ್ರ ಅಲ್ಲೇ ಉಳಿಯುತ್ತದೆ.

ಎರಡು ಭಾಷೆಯ ನಡುವೆ ದಿನ ಕಳೆಯುವ ಹೊರನಾಡಿನ ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ಇಂಗ್ಲಿಷ್ ಮಾತ್ರ ಬಲ್ಲವನು ಗೆರೆಯ ಬಗ್ಗೆ ಗೊಂದಲವಾದಾಗ ಕೈಪಿಡಿ ಹುಡುಕುತ್ತಾನೆ. ಕನ್ನಡ ಬಲ್ಲವರು ಆ ಪದಗುಚ್ಛವನ್ನು ಒಮ್ಮೆ ಕನ್ನಡದಲ್ಲಿ ಹೇಳಿಕೊಂಡು ನೋಡಬಹುದು. ಅದು ಒಂದೇ ರೀತಿಯಲ್ಲಿ ಬಿಡಿಸಿಕೊಂಡರೆ ಗೆರೆಯ ಚಿಂತೆ ಬಿಡಬಹುದು. ಎರಡು ರೀತಿಯಲ್ಲಿ ಬಿಡಿಸಿಕೊಂಡರೆ ಬೇಕಾದ ಅರ್ಥ ಉಳಿಯುವ ಕಡೆ ಗೆರೆ ಎಳೆಯಬೇಕು. ಹೇಗೆ ಬಿಡಿಸಿದರೂ ಅರ್ಥ ಸಿಗದಿದ್ದರೆ ಗೆರೆಯನ್ನು ನಂಬದೆ ಒಂದು ವಾಕ್ಯ ಹೆಚ್ಚು ಬರೆಯಬೇಕು. ಔಷಧಿಯ ಚೀಟಿಯನ್ನು ಕೈಯಲ್ಲಿ ಹಿಡಿದ ಆ ಅನುವಾದಕಿ ಮಾಡುವ ಫೋನ್ ಕರೆ ಎರಡು ನಿಮಿಷದ್ದು. ಅದರ ಕೊನೆಗೆ ಕನ್ನಡದ ಚೀಟಿಯಲ್ಲಿ ‘ನಾಲ್ಕು ಗಂಟೆಗೊಮ್ಮೆ ಒಂದು ಮಾತ್ರೆ’ ಎಂದು ಬರುತ್ತದೆ. ಆ ಕಡೆ ಫೋನ್ ಹಿಡಿದವರು ಇಂಗ್ಲಿಷಿನ ಚೀಟಿಗೂ ಒಂದು ಗೆರೆ ಸೇರಿಸಿದರೆ ಇನ್ನೂ ಒಳ್ಳೆಯದು.